ತರಂಗಪುಂಜದ ಭಂಗವೂ ಪುನಸ್ಸಂಧಾನವೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ, ಲಿಂಗಸುಗೂರಿನಿಂದ ಹೊರಟು ಮಸ್ಕಿಯನ್ನು ಹಾದು ಸಿಂಧನೂರನ್ನು ಸೇರುವ ಹೆದ್ದಾರಿಯು, ಉದ್ದದಲ್ಲಿ ಅಷ್ಟೇನೂ ದೊಡ್ಡದಲ್ಲದಿದ್ದರೂ, ನೆಲದ ಮೂರು ಬಗೆಯ ಸ್ವಭಾವಗಳನ್ನು ಒಂದೇ ಪಯಣದಲ್ಲಿ ತೋರಿಸಿಕೊಡುತ್ತದೆ. ಲಿಂಗಸುಗೂರು ತಾಲ್ಲೂಕು ಮುದಗಲ್ಲಿನ ಕೋಟೆಯನ್ನೂ ಹಟ್ಟಿಯ ಚಿನ್ನದ ಗಣಿಯನ್ನೂ ಒಳಗೊಂಡ, ಏರಿಳಿತಗಳುಳ್ಳ ಕಲ್ಲುನೆಲ. ಮಸ್ಕಿಯು ಹೆಬ್ಬಂಡೆಗಳ ಗುಡ್ಡದ ಮಗ್ಗುಲಲ್ಲಿ ಕುಳಿತ ಊರು. ಅಲ್ಲಿಂದ ಮುಂದಕ್ಕೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡು ಭತ್ತದ ಕಣಜವೆನಿಸಿಕೊಂಡ ಸಿಂಧನೂರಿನ ಬಯಲು, ನಾಟಿಯ ದಿನಗಳಲ್ಲಿ ಗದ್ದೆಗದ್ದೆಗೂ ನೀರು ನಿಂತು, ಕಣ್ಣು ಹಾಯುವಷ್ಟು ದೂರ ಆಕಾಶವನ್ನೇ ನೆಲದ ಮೇಲೆ ಹಾಸಿದಂತೆ ಕಾಣಿಸುತ್ತದೆ.

ದಾರಿಹೋಕನ ಕಣ್ಣಿಗೆ ಇದು ನೋಟದ ವೈವಿಧ್ಯ. ರೇಡಿಯೋ ತರಂಗಗಳ ನಡೆಯನ್ನು ಬಲ್ಲವನಿಗಾದರೋ ಇವು ಮೂರು ಬೇರೆ ಬೇರೆ ತೊಡಕುಗಳು. ಬಂಡೆಯು ತರಂಗವನ್ನು ತಡೆದು ತನ್ನ ಹಿಂದೆ ನೆರಳನ್ನು ಬೀಳಿಸುತ್ತದೆ. ಏರಿಳಿತದ ನೆಲವು ಟವರನ್ನು ಒಮ್ಮೆ ತೋರಿಸಿ ಮರುಕ್ಷಣವೇ ಮರೆಮಾಡುತ್ತದೆ. ನಿಂತ ನೀರು ತರಂಗವನ್ನು ಪ್ರತಿಫಲಿಸಿ, ನೇರವಾಗಿ ಬಂದ ಅಲೆಗೆ ಎರಡನೆಯದೊಂದನ್ನು ಜೊತೆಗೂಡಿಸುವುದರಿಂದ, ಅವೆರಡರ ಏರುತಗ್ಗುಗಳು ಹೊಂದಿಕೊಂಡ ತಾಣದಲ್ಲಿ ಸಂಕೇತವು ಬಲಗೊಂಡು, ಪರಸ್ಪರ ವಿರೋಧಿಸಿದ ತಾಣದಲ್ಲಿ ಕ್ಷೀಣಿಸುತ್ತದೆ.

ಮಸ್ಕಿಯ ಹೆಸರನ್ನು ಇತಿಹಾಸಜ್ಞರು ಬಲ್ಲುದು ಬೇರೊಂದು ಸಂದೇಶದ ಕಾರಣದಿಂದ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಇಲ್ಲಿಯ ಬಂಡೆಯ ಬರಹವು, ಅದುವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳಿಂದ ಮಾತ್ರ ತಿಳಿದಿದ್ದ ಅರಸನನ್ನು ಅಶೋಕನೆಂಬ ಹೆಸರಿನಿಂದಲೇ ಕರೆದ ಮೊದಲನೆಯ ಶಾಸನವೆಂದು ಪ್ರಸಿದ್ಧವಾಯಿತು. ಆ ಸಂದೇಶವು ನಿಂತಲ್ಲಿಯೇ ನಿಂತಿದೆ. ಓದತಕ್ಕವನು ಅದರ ಬಳಿಗೆ ಬರಬೇಕು. ಇಂದಿನ ಮೊಬೈಲ್ ಜಾಲದ ಸಂದೇಶವಾದರೋ ಓದುಗನನ್ನು ತಾನೇ ಹುಡುಕಿಕೊಂಡು ಹೋಗಬೇಕಾಗಿದೆ. ಆ ಓದುಗನೂ ಒಂದೆಡೆ ನಿಂತವನಲ್ಲ, ಗಂಟೆಗೆ ಅರುವತ್ತು ಕಿಲೋಮೀಟರು ವೇಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವನು. ಹೀಗೆ ಹುಡುಕಿಕೊಂಡು ಹೋಗುವ ತರಂಗವು ದಾರಿಯಲ್ಲಿ ಕಡಿದುಹೋದರೆ ಅದನ್ನು ಯಾರು ಅರಿಯುತ್ತಾರೆ, ಅರಿತು ಏನು ಮಾಡುತ್ತಾರೆ ಎಂಬುದೇ ಈ ಅಧ್ಯಾಯದ ವಿಷಯ.

ಪುಂಜದ ನಿರ್ಮಾಣ

ಹಳೆಯ ಟವರುಗಳ ಆಂಟೆನಾ ತನ್ನ ಪಾಲಿನ ದಿಕ್ಕಿಗೆಲ್ಲ ಶಕ್ತಿಯನ್ನು ಒಂದೇ ಸಮನೆ ಚೆಲ್ಲುತ್ತಿತ್ತು; ಅದು ಮಳೆಯ ರೀತಿ, ಹೊಲಕ್ಕೂ ಬೀಳುವುದು, ಬಂಜರಿಗೂ ಬೀಳುವುದು. ಐದನೆಯ ತಲೆಮಾರಿನ ಜಾಲವು ಅನುಸರಿಸುವುದು ಕಾಲುವೆಯ ರೀತಿಯನ್ನು: ಇರುವಷ್ಟು ನೀರನ್ನು ಕಟ್ಟುಮಾಡಿ, ಬೇಡಿದ ಗದ್ದೆಗೆ ಬೇಡಿದ ಹೊತ್ತಿನಲ್ಲಿ ಹಾಯಿಸುವುದು. ಎಂಜಿನಿಯರರು ‘ಬೀಮ್’ ಎಂದು ಕರೆಯುವ ಈ ತರಂಗಪುಂಜದಿಂದ ದೂರದ ಮೊಬೈಲಿಗೂ ಸಾಂದ್ರವಾದ ಸಂಕೇತ ದೊರೆಯುತ್ತದೆ. ಆದರೆ ಕಾಲುವೆ ಒಡೆದರೆ ಕೊನೆಯ ಭಾಗದ ರೈತನ ಗದ್ದೆ ಪೂರಾ ಒಣಗುವಂತೆ, ಪುಂಜವು ತಪ್ಪಿದರೆ ಆ ಮೊಬೈಲಿಗೆ ಉಳಿಯುವುದು ಬಹುಮಟ್ಟಿಗೆ ಶೂನ್ಯವೇ.

ಪುಂಜವನ್ನು ಕಟ್ಟುವ ತತ್ತ್ವವು ಹೊಸದಲ್ಲ. ಮಾರ್ಕೋನಿಯೊಂದಿಗೆ 1909ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ಫರ್ಡಿನಾಂಡ್ ಬ್ರೌನನು 1905ರಲ್ಲಿಯೇ ಮೂರು ಆಂಟೆನಾಗಳನ್ನು ತ್ರಿಕೋನಾಕಾರದಲ್ಲಿ ನಿಲ್ಲಿಸಿ, ಅವುಗಳಿಗೆ ಉಣಿಸುವ ವಿದ್ಯುತ್ತಿನ ಹೊತ್ತನ್ನು ತುಸು ಹಿಂದುಮುಂದು ಮಾಡುವುದರಿಂದ, ಯಾವ ಕಂಬವನ್ನೂ ತಿರುಗಿಸದೆ, ಒಂದು ದಿಕ್ಕಿಗೆ ಹೆಚ್ಚು ಶಕ್ತಿಯನ್ನು ಕಳುಹಬಹುದೆಂದು ತೋರಿಸಿದ್ದನು. ಇಂದಿನ ಟವರಿನ ಮೇಲೆ ಕಾಣುವ ಆಯತಾಕಾರದ ಹಲಗೆಯೊಳಗೆ ನಡೆಯುವುದು ಅದೇ ಕಾರ್ಯ. ಆದರೆ ಅಲ್ಲಿರುವ ಆಂಟೆನಾಗಳು ಮೂರಲ್ಲ, ಹತ್ತಾರು, ಕೆಲವೆಡೆ ನೂರಾರು. ಅವುಗಳ ನಡುವಣ ಅಂತರವು ಸಾಮಾನ್ಯವಾಗಿ ತರಂಗದ ಉದ್ದದ ಅರ್ಧದಷ್ಟಿರುತ್ತದೆ. 3.5 ಗಿಗಾಹರ್ಟ್ಸ್ ಆವರ್ತಾಂಕದಲ್ಲಿ ತರಂಗದ ಉದ್ದ ಸುಮಾರು 8.6 ಸೆಂಟಿಮೀಟರು, ಆದುದರಿಂದ ಎಂಟೆಂಟರ ಸಾಲಿನಲ್ಲಿ 64 ಆಂಟೆನಾಗಳನ್ನು ಜೋಡಿಸಲು ಒಂದು ಮೊಳಕ್ಕಿಂತ ತುಸು ಕಡಿಮೆ ಅಗಲದ ಹಲಗೆ ಬೇಕು. 26 ಗಿಗಾಹರ್ಟ್ಸಿನಲ್ಲಿ ಅಲೆಯ ಉದ್ದ 11.5 ಮಿಲಿಮೀಟರು ಮಾತ್ರ. ಅಷ್ಟೇ ಆಂಟೆನಾಗಳು ಐದು ಸೆಂಟಿಮೀಟರು ಅಗಲದ ತಗಡಿನಲ್ಲಿ, ಎಂದರೆ ಅಂಗೈಯೊಳಗೆ, ಅಡಗುತ್ತವೆ. 64 ಆಂಟೆನಾಗಳು ಒಮ್ಮತದಿಂದ ದುಡಿದರೆ, ಅಷ್ಟೇ ಶಕ್ತಿಯನ್ನು ಒಂದೇ ಆಂಟೆನಾ ಬಳಸಿದಾಗ ದೊರೆಯುವುದಕ್ಕಿಂತ 64 ಪಟ್ಟು ಸಾಂದ್ರವಾದ ಪುಂಜವು ಒಂದು ದಿಕ್ಕಿನಲ್ಲಿ ಹೊಮ್ಮತಕ್ಕುದೆಂದು ಗಣಿತವು ಹೇಳುತ್ತದೆ.

ಇಂಥ ಕಿರುತರಂಗಗಳ ಪರಿಚಯವೂ ನಮಗೆ ಹೊಸದಲ್ಲ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಐದು ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನು ಉತ್ಪಾದಿಸಿ, ಅವುಗಳ ವಕ್ರೀಭವನ ಧ್ರುವೀಕರಣಗಳನ್ನು ಅಳೆದಿದ್ದರು. ಮಾರ್ಕೋನಿಯ ದೀರ್ಘತರಂಗಗಳು ಸಾಗರಗಳನ್ನು ದಾಟಿದ ಮೇಲೆ ಲೋಕವು ಕಿರುತರಂಗಗಳನ್ನು ಮರೆತಂತಿದ್ದು, ನೂರು ವರ್ಷಗಳ ಬಳಿಕ, ಬೇರೆ ಆವರ್ತಾಂಕಗಳೆಲ್ಲ ಕಿಕ್ಕಿರಿದು ತುಂಬಿದಾಗ, ಮತ್ತೆ ಅವುಗಳ ಕಡೆಗೆ ಕಣ್ಣು ಹಾಯಿಸಿತು. ಭಾರತದಲ್ಲಿ 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್, 3.3 ಗಿಗಾಹರ್ಟ್ಸ್, 26 ಗಿಗಾಹರ್ಟ್ಸ್ ಪಟ್ಟಿಗಳಲ್ಲಿ ಆವರ್ತಾಂಕಗಳು ಮಾರಾಟವಾಗಿ, ಅದೇ ವರ್ಷದ ಅಕ್ಟೋಬರ್ 1ರಂದು ಐದನೆಯ ತಲೆಮಾರಿನ ಸೇವೆಯು ಉದ್ಘಾಟಿತವಾಯಿತು.

ಭಂಗದ ಕಾರಣಗಳು

ಅಲೆಯು ಚಿಕ್ಕದಾದಷ್ಟೂ ಅದರ ನಡೆಯು ಬೆಳಕಿನ ನಡೆಯನ್ನು ಹೋಲತೊಡಗುತ್ತದೆ. ನಲವತ್ತಕ್ಕಿಂತ ಹೆಚ್ಚು ಸೆಂಟಿಮೀಟರು ಉದ್ದದ 700 ಮೆಗಾಹರ್ಟ್ಸ್ ಅಲೆಯು ಗುಡ್ಡದ ಅಂಚಿನಲ್ಲಿ ಬಾಗಿ, ಅದರ ಹಿಂದಿರುವ ಮನೆಗೂ ಒಂದಿಷ್ಟು ಮುಟ್ಟೀತು. 26 ಗಿಗಾಹರ್ಟ್ಸಿನ ಅಲೆಗೆ ಆ ದಾಕ್ಷಿಣ್ಯವಿಲ್ಲ. ಎದುರಿಗೆ ಒಬ್ಬ ಮನುಷ್ಯನು ಅಡ್ಡ ನಿಂತರೆ ಸಾಕು, ಅದರ ಬಲವು 20 ಡೆಸಿಬೆಲ್ಲು, ಎಂದರೆ ನೂರರಲ್ಲೊಂದು ಪಾಲಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಮೊಬೈಲನ್ನು ಹಿಡಿದ ಕೈಯೇ ಅದರ ಆಂಟೆನಾವನ್ನು ಮುಚ್ಚಬಹುದು. ಮೊಬೈಲನ್ನು ಅಡ್ಡಲಾಗಿ ತಿರುಗಿಸಿದರೆ ಅದು ಕಟ್ಟಿಕೊಂಡಿದ್ದ ಪುಂಜವೂ ತಿರುಗಿಹೋಗುತ್ತದೆ. ಬೇವಿನ ಮರದ ಸೊಪ್ಪು, ಬಿರುಸಾದ ಮಳೆ, ಭತ್ತದ ಮೂಟೆಗಳನ್ನು ಹೇರಿಕೊಂಡ ಲಾರಿ, ಯಾವುದೂ ಅಡ್ಡಿಯೇ.

ಇದೇ ಟವರುಗಳ ಮೇಲೆ ದುಂಡನೆಯ ಡಿಶ್ಶುಗಳನ್ನು ಕಂಡವರಿಗೆ ಸಂದೇಹವೊಂದು ಹುಟ್ಟಬಹುದು. ಟವರಿನಿಂದ ಟವರಿಗೆ ಮಾತನ್ನು ಸಾಗಿಸುವ ಆ ಸೂಕ್ಷ್ಮತರಂಗದ ಕೊಂಡಿಗಳೂ ತೀರ ಇಕ್ಕಟ್ಟಾದ ಪುಂಜಗಳೇ; ಅರುವತ್ತು ಸೆಂಟಿಮೀಟರು ವ್ಯಾಸದ ಡಿಶ್ಶಿನಿಂದ 18 ಗಿಗಾಹರ್ಟ್ಸಿನಲ್ಲಿ ಹೊರಡುವ ಪುಂಜದ ಅಗಲ ಎರಡು ಡಿಗ್ರಿಯ ಆಸುಪಾಸು. ಗಾಳಿಗೆ ಬೋಲ್ಟು ಸಡಿಲಿ ಡಿಶ್ಶು ಒಂದೇ ಡಿಗ್ರಿ ಓರೆಯಾದರೂ, ಹತ್ತು ಕಿಲೋಮೀಟರು ದೂರದಲ್ಲಿ ಪುಂಜದ ನಡುಗೆರೆಯು 175 ಮೀಟರು ಆಚೆ ಸರಿದಿರುತ್ತದೆ. ಆದರೆ ಅಲ್ಲಿ ಎರಡು ತುದಿಗಳೂ ಸ್ಥಿರವಾದುವು, ಭಂಗವು ಅಪರೂಪ, ಸಂಭವಿಸಿದಾಗ ಕೆಲಸಗಾರನೊಬ್ಬನು ಟವರನ್ನೇರಿ, ಮೀಟರನ್ನು ನೋಡುತ್ತ, ಡಿಶ್ಶನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ ಸರಿಪಡಿಸುತ್ತಾನೆ. ಬಸ್ಸಿನಲ್ಲಿರುವ ಮೊಬೈಲಿನ ಪಾಲಿಗೆ ಭಂಗವು ಅಪರೂಪದ ಅಪಘಾತವಲ್ಲ, ನಿಮಿಷಕ್ಕೆ ಹಲವು ಸಲ ಒದಗಬಹುದಾದ ನಿತ್ಯದ ಸಂಗತಿ; ಅದರ ಪರಿಹಾರವು ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ, ಮನುಷ್ಯನ ಕೈ ತಾಗದೆ, ನಡೆದುಹೋಗಬೇಕು.

ಭಂಗದ ಅರಿವು

ಇಲ್ಲಿ ಮೊದಲನೆಯ ಪ್ರಶ್ನೆ: ಪುಂಜವು ಕಡಿದುದನ್ನು ಅರಿಯತಕ್ಕವರು ಯಾರು, ಟವರೋ ಮೊಬೈಲೋ? ಶಕ್ತಿಯೂ ಸಾಮಗ್ರಿಯೂ ಟವರಿನಲ್ಲಿಯೇ ಹೆಚ್ಚಾಗಿರುವುದರಿಂದ ಆ ಹೊಣೆಯನ್ನು ಅದಕ್ಕೇ ಹೊರಿಸೋಣವೆಂದು ತೋರುವುದು ಸಹಜ. ಆದರೆ ಟವರು ತಾನು ಕಳುಹಿದ ಆಜ್ಞೆಯು ಮುಟ್ಟಿತೋ ಇಲ್ಲವೋ ಎಂಬುದನ್ನು ಮೊಬೈಲಿನ ಉತ್ತರದಿಂದಲೇ ತಿಳಿಯಬೇಕು. ಉತ್ತರ ಬಾರದಿದ್ದರೆ ಪುಂಜವು ಕಡಿದಿದೆಯೋ, ಉತ್ತರವೇ ದಾರಿಯಲ್ಲಿ ಕಳೆಯಿತೋ ಎಂದು ಅದಕ್ಕೆ ತಿಳಿಯುವಂತಿಲ್ಲ. ತಿಳಿದರೂ, ‘ಈ ಪುಂಜವನ್ನು ಬಿಟ್ಟು ಆ ಪುಂಜಕ್ಕೆ ಬಾ’ ಎಂದು ಹೇಳಲು ಅದರ ಬಳಿ ಇರುವ ದಾರಿಯು ಕಡಿದುಹೋದ ಆ ಪುಂಜವೇ. ಆದುದರಿಂದ, ಮೊಬೈಲ್ ಜಾಲಗಳ ನಿಯಮಗಳನ್ನು ರೂಪಿಸುವ ತ್ರೀಜಿಪಿಪಿ ಎಂಬ ಅಂತರರಾಷ್ಟ್ರೀಯ ಕೂಟವು, 2018ರಲ್ಲಿ ಸಿದ್ಧಪಡಿಸಿದ ತನ್ನ 15ನೆಯ ಆವೃತ್ತಿಯಲ್ಲಿ, ಭಂಗವನ್ನು ಅರಿಯುವ ಹೊಣೆಯನ್ನೂ ಪರಿಹಾರವನ್ನು ಆರಂಭಿಸುವ ಅಧಿಕಾರವನ್ನೂ ಮೊಬೈಲಿಗೇ ಒಪ್ಪಿಸಿತು. ನಷ್ಟವನ್ನು ಅನುಭವಿಸುವವನೇ ಮೊದಲು ಬಾಯಿ ತೆರೆಯಬೇಕೆಂಬ ಈ ನಿರ್ಣಯದಲ್ಲಿ ಈ ವಿಧಾನದ ವಿವೇಕವೆಲ್ಲ ಅಡಗಿದೆ.

ಅರಿಯುವ ಬಗೆ ಹೀಗೆ. ಟವರು ತನ್ನ ಪುಂಜಗಳಲ್ಲಿ ಗೊತ್ತಾದ ಹೊತ್ತಿಗೆ, ಗೊತ್ತಾದ ರೂಪದ ಗುರುತಿನ ಸಂಕೇತಗಳನ್ನು ಬಿತ್ತರಿಸುತ್ತಲೇ ಇರುತ್ತದೆ. ಅವುಗಳಲ್ಲಿ ತಾನು ಅವಲಂಬಿಸಿರುವ ಪುಂಜದ ಒಂದೆರಡು ಸಂಕೇತಗಳನ್ನು ಮೊಬೈಲು ಎಡೆಬಿಡದೆ ಅಳೆಯುತ್ತದೆ. ಅಳೆದು ಅದು ಕೇಳಿಕೊಳ್ಳುವ ಪ್ರಶ್ನೆಯು ಕುತೂಹಲಕರವಾದುದು: ‘ಈಗ ಟವರು ಈ ಪುಂಜದಲ್ಲಿ ನನಗೊಂದು ಆಜ್ಞೆಯನ್ನು ಕಳುಹಿದರೆ, ಅದು ಕೆಟ್ಟುಹೋಗುವ ಸಂಭವವೆಷ್ಟು?’ ನಿಜವಾಗಿ ಆಜ್ಞೆಯೊಂದು ಬರಬೇಕೆಂದಿಲ್ಲ, ಕೆಡಬೇಕೆಂದೂ ಇಲ್ಲ. ಗುರುತಿನ ಸಂಕೇತದ ಸ್ಥಿತಿಯಿಂದಲೇ ಮೊಬೈಲು ಊಹಿಸಿ, ಹತ್ತರಲ್ಲಿ ಒಂದು ಆಜ್ಞೆ ಕೆಡುವ ಮಟ್ಟವನ್ನು ಮೀರಿತೆಂದು ಕಂಡರೆ, ‘ಒಂದು ದೋಷ’ ಎಂದು ಲೆಕ್ಕ ಹಾಕುತ್ತದೆ. ಎರಡು ಸಂಕೇತಗಳನ್ನು ನೋಡುತ್ತಿದ್ದಾಗ ಒಂದು ಚೆನ್ನಾಗಿದ್ದರೂ ದೋಷವಿಲ್ಲ, ಎರಡೂ ಕೆಟ್ಟಿರಬೇಕು.

ಒಂದೇ ದೋಷವನ್ನು ಕಂಡು ಗಾಬರಿಯಾಗುವುದು ತರವಲ್ಲ. ಅದಕ್ಕಾಗಿ ಮೊಬೈಲಿನೊಳಗೆ ಒಂದು ಎಣಿಕೆಯೂ ಒಂದು ಗಡಿಯಾರವೂ ಇವೆ. ದೋಷ ಕಂಡಾಗಲೆಲ್ಲ ಎಣಿಕೆಯು ಒಂದು ಏರುತ್ತದೆ, ಗಡಿಯಾರವು ಮೊದಲಿನಿಂದ ಓಡತೊಡಗುತ್ತದೆ. ಗಡಿಯಾರದ ಅವಧಿ ಮುಗಿಯುವವರೆಗೆ ಬೇರೆ ದೋಷ ಕಾಣದಿದ್ದರೆ ಎಣಿಕೆಯು ಸೊನ್ನೆಗೆ ಇಳಿಯುತ್ತದೆ. ಅಷ್ಟರೊಳಗೆ ದೋಷಗಳು ಒಂದರ ಮೇಲೊಂದು ಬಂದು ಎಣಿಕೆಯು ಜಾಲವು ಗೊತ್ತುಮಾಡಿದ ಮಿತಿಯನ್ನು ಮುಟ್ಟಿದರೆ, ಪುಂಜಭಂಗವಾಯಿತೆಂದು ಮೊಬೈಲು ತೀರ್ಮಾನಿಸುತ್ತದೆ. ಆ ಮಿತಿಯು 1, 2, 3, 4, 5, 6, 8, 10 ಎಂಬ ಸಂಖ್ಯೆಗಳಲ್ಲಿ ಒಂದಾಗಿರಬಹುದೆಂದು ನಿಯಮ. ಸಂಕೇತವು 20 ಮಿಲಿಸೆಕೆಂಡಿಗೊಮ್ಮೆ ಬರುತ್ತಿದ್ದು ಮಿತಿಯು 4 ಆಗಿದ್ದರೆ, ಸುಮಾರು 80 ಮಿಲಿಸೆಕೆಂಡಿನಲ್ಲಿ, ಎಂದರೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ, ತೀರ್ಮಾನವಾಗಿಹೋಗಿರುತ್ತದೆ.

ಪುನಸ್ಸಂಧಾನ

ತೀರ್ಮಾನವಾದ ಮೇಲೆ ಬದಲಿ ಪುಂಜವನ್ನು ಹುಡುಕಬೇಕು. ಈ ಹುಡುಕಾಟವು ಬರಿಗೈಯಲ್ಲಿ ನಡೆಯುವುದಿಲ್ಲ. ಜಾಲವು ಮೊದಲೇ ಒಂದು ಪಟ್ಟಿಯನ್ನು, 15ನೆಯ ಆವೃತ್ತಿಯಂತೆ ಹೆಚ್ಚೆಂದರೆ 16 ಪುಂಜಗಳದನ್ನು, ಮೊಬೈಲಿಗೆ ಕೊಟ್ಟಿರುತ್ತದೆ. ಅವುಗಳಲ್ಲಿ ಯಾವುದರ ಬಲವು ಗೊತ್ತಾದ ಗೆರೆಯನ್ನು ಮೀರಿದೆಯೋ ಅದನ್ನು ಮೊಬೈಲು ಆರಿಸಿಕೊಳ್ಳುತ್ತದೆ. ಆಯ್ಕೆಯನ್ನು ಟವರಿಗೆ ತಿಳಿಸುವ ಬಗೆಯಲ್ಲಿಯೇ ಈ ವಿಧಾನದ ಚಾತುರ್ಯವಿದೆ. ಹಳೆಯ ದಾರಿಯು ಕಡಿದಿರುವಾಗ ಉದ್ದದ ವಾಕ್ಯಗಳನ್ನು ಕಳುಹುವಂತಿಲ್ಲ. ಆದುದರಿಂದ, ಪಟ್ಟಿಯಲ್ಲಿರುವ ಒಂದೊಂದು ಪುಂಜಕ್ಕೂ ಈ ಮೊಬೈಲಿಗೆ ಮಾತ್ರ ಮೀಸಲಾದ ಒಂದೊಂದು ಕಿರುಸಂಕೇತವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಹೊಸದಾಗಿ ಜಾಲವನ್ನು ಸೇರುವ ಮೊಬೈಲುಗಳ ಕರೆಗಾಗಿ ಟವರು ಸದಾ ಕಿವಿಗೊಟ್ಟಿರುವ ಹೊತ್ತಿನಲ್ಲಿ ಆ ಕಿರುಸಂಕೇತವನ್ನು ಕಳುಹಿದರೆ ಸಾಕು. ಯಾವ ಮೊಬೈಲು ಕಷ್ಟದಲ್ಲಿದೆ, ಅದಕ್ಕೆ ಯಾವ ಪುಂಜ ಬೇಕು ಎಂಬೆರಡು ಸಂಗತಿಗಳೂ ಒಂದು ಅಕ್ಷರದ ಮಾತಿಲ್ಲದೆ ಟವರಿಗೆ ತಿಳಿಯುತ್ತವೆ.

ಜಾಲವು ತನ್ನ ಕೆಲಸದ ಹೊತ್ತನ್ನು ‘ಕಾಲಖಂಡ’ಗಳೆಂಬ ಸಮನಾದ ತುಣುಕುಗಳಾಗಿ ಹಂಚಿಕೊಂಡಿರುತ್ತದೆ. ಕರೆಯನ್ನು ಕಳುಹಿದ ಮೊಬೈಲು, ಅಂಥ ನಾಲ್ಕು ಕಾಲಖಂಡಗಳ ಬಳಿಕ ತಾನು ಕೇಳಿದ ಹೊಸ ಪುಂಜದಲ್ಲಿ ಉತ್ತರವನ್ನು ನಿರೀಕ್ಷಿಸತೊಡಗುತ್ತದೆ. 3.5 ಗಿಗಾಹರ್ಟ್ಸಿನ ಜಾಲದಲ್ಲಿ ಒಂದು ಕಾಲಖಂಡವು ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡಾದುದರಿಂದ ಈ ಬಿಡುವು ಎರಡು ಮಿಲಿಸೆಕೆಂಡು ಮಾತ್ರ. ಟವರಿನ ಆಜ್ಞೆಯು ಅಲ್ಲಿ ತನ್ನ ಹೆಸರಿಗೇ ಬಂದರೆ ಪುನಸ್ಸಂಧಾನವು ಸಿದ್ಧಿಸಿತು. ಬಾರದಿದ್ದರೆ ಗೊತ್ತಾದ ಸಲಗಳವರೆಗೆ, ಕೆಲವೊಮ್ಮೆ ತನ್ನ ಶಕ್ತಿಯನ್ನು ಹೆಚ್ಚಿಸುತ್ತ, ಮತ್ತೆ ಕರೆಯುತ್ತದೆ. ಮೀಸಲು ಪಟ್ಟಿಯ ಯಾವ ಪುಂಜವೂ ಗೆರೆಯನ್ನು ಮುಟ್ಟದಿದ್ದರೆ, ಎಲ್ಲರಿಗೂ ತೆರೆದಿರುವ ಸಾಮಾನ್ಯ ಕರೆಯ ಮಾರ್ಗವನ್ನು ಹಿಡಿಯುತ್ತದೆ. ಅಲ್ಲಿ ಇಬ್ಬರ ಕರೆಗಳು ಒಂದೇ ಹೊತ್ತಿಗೆ ಒಂದೇ ರೂಪದಲ್ಲಿ ಬಂದು ತಾಕಲಾಡಬಹುದಾದುದರಿಂದ ತುಸು ತಡವಾಗುತ್ತದೆ. ಅದೂ ವಿಫಲವಾದರೆ ಸಂಪರ್ಕವೇ ಕಡಿಯಿತೆಂದು ಸಾರಿ, ಅದೇ ಟವರಿನೊಡನೆಯೋ ನೆರೆಯ ಟವರಿನೊಡನೆಯೋ ಸಂಬಂಧವನ್ನು ಮೊದಲಿನಿಂದ ಕಟ್ಟಬೇಕು. ಅಲ್ಲಿಯವರೆಗೆ ಬಳಕೆದಾರನಿಗೆ ಬಹುಮಟ್ಟಿಗೆ ಏನೂ ತಿಳಿದಿರುವುದಿಲ್ಲ. ತೆರೆಯ ನಡುವೆ ಸುತ್ತುವ ಬಳೆಯು ಕಾಣಿಸಿಕೊಳ್ಳುವುದು ಈ ಕೊನೆಯ ಹಂತದಲ್ಲಿಯೇ.

ತಾಳ್ಮೆಯ ಲೆಕ್ಕ

ಎಣಿಕೆಯ ಮಿತಿಯನ್ನು ಎಷ್ಟಿಡಬೇಕು? ಹೆದ್ದಾರಿಯ ಮೇಲೆಯೇ ಇದನ್ನು ಪರೀಕ್ಷಿಸೋಣ. ಸಿಂಧನೂರಿನ ಕಡೆಗೆ ಹೊರಟ ಬಸ್ಸಿನ ಬಲಗಿಟಕಿಯ ಪಕ್ಕ ಪ್ರಯಾಣಿಕನು ಕುಳಿತಿದ್ದಾನೆ. ಟವರು ರಸ್ತೆಯ ಬಲಕ್ಕಿದೆ. ಎದುರಿನಿಂದ ಭತ್ತದ ಲಾರಿ ಬರುತ್ತಿದೆ. ಎರಡೂ ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದರೆ, ಅವು ಪರಸ್ಪರ ದಾಟುವ ವೇಗವು ಸೆಕೆಂಡಿಗೆ 33 ಮೀಟರು. ಹತ್ತು ಮೀಟರು ಉದ್ದದ ಲಾರಿಯು ಕಿಟಕಿಯನ್ನು ದಾಟಿಹೋಗಲು 300 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತು ಪುಂಜವು ಕಡಿದಿರುತ್ತದೆ, ಅನಂತರ ತಾನಾಗಿಯೇ ಮರಳುತ್ತದೆ. ಸಂಕೇತದ ಅಂತರ 40 ಮಿಲಿಸೆಕೆಂಡಾಗಿದ್ದು ಮಿತಿಯು 10 ಆಗಿದ್ದರೆ, ತೀರ್ಮಾನಕ್ಕೆ 400 ಮಿಲಿಸೆಕೆಂಡು ಬೇಕಾದುದರಿಂದ, ಭಂಗವೆಂದು ಸಾರುವ ಮೊದಲೇ ಲಾರಿಯು ಹೋಗಿಬಿಟ್ಟಿರುತ್ತದೆ. ವಿಡಿಯೋ ನೋಡುತ್ತಿದ್ದವನಿಗೆ, ಮುಂದಿನ ಕೆಲವು ಸೆಕೆಂಡುಗಳ ಚಿತ್ರವು ಮೊದಲೇ ಬಂದು ಕೂಡಿರುವುದರಿಂದ, ಈ ಲೋಪವು ತಿಳಿಯುವುದೇ ಇಲ್ಲ. ಮನೆಯವರೊಡನೆ ಮಾತನಾಡುತ್ತಿದ್ದವನಿಗೆ ಮಾತ್ರ ಒಂದೆರಡು ಅಕ್ಷರಗಳು ನುಂಗಿಹೋದಂತೆ ಕೇಳಿಸೀತು.

ಅದೇ ತಾಳ್ಮೆಯು ಮಸ್ಕಿಯ ಗುಡ್ಡದ ಬಳಿ ಕೆಡುಕಾಗುತ್ತದೆ. ಬಂಡೆಯ ಮರೆಗೆ ಹೋದ ಬಸ್ಸಿಗೆ ಹಳೆಯ ಪುಂಜವು ಹಲವು ಸೆಕೆಂಡುಗಳ ಕಾಲ ಮರಳುವುದಿಲ್ಲ. ಅಲ್ಲಿ 400 ಮಿಲಿಸೆಕೆಂಡು ಕಾಯುವುದೆಂದರೆ ಅಷ್ಟನ್ನೂ ವ್ಯರ್ಥಮಾಡಿದಂತೆ. ಅಲ್ಲಿ ಬೇಕಾದುದು ಬೇಗನೆ ತೀರ್ಮಾನಿಸುವ ಚಿಕ್ಕ ಮಿತಿ, ಮತ್ತು ಎದುರು ಬದಿಯ ಬಂಡೆಗೆ ತಾಗಿ ಪ್ರತಿಫಲಿಸಿ ಬರುವ ಪುಂಜವನ್ನೂ ಬಿಡದೆ ಸೇರಿಸಿಕೊಂಡ ಬದಲಿ ಪಟ್ಟಿ. ಸಿಂಧನೂರಿನ ನೀರು ನಿಂತ ಗದ್ದೆಗಳ ನಡುವೆ ತೊಡಕು ಮೂರನೆಯ ಬಗೆಯದು: ನೇರ ಅಲೆಯೂ ಪ್ರತಿಫಲಿತ ಅಲೆಯೂ ಕೂಡಿ ಕಳೆದು, ಬಲವು ಗೆರೆಯ ಆಚೀಚೆಗೆ ಹೊಯ್ದಾಡುತ್ತದೆ, ದೋಷಗಳು ಸಾಲಾಗಿ ಬರದೆ ಬಿಡಿಬಿಡಿಯಾಗಿ ಬರುತ್ತವೆ. ಗಡಿಯಾರದ ಅವಧಿಯು ಉದ್ದವಾಗಿದ್ದರೆ ಈ ಬಿಡಿ ದೋಷಗಳೆಲ್ಲ ಒಟ್ಟುಗೂಡಿ, ಇನ್ನೂ ಬಳಕೆಗೆ ಯೋಗ್ಯವಾದ ಪುಂಜವನ್ನೇ ಭಂಗವೆಂದು ಸಾರಿಸುತ್ತವೆ. ಚಿಕ್ಕದಾಗಿದ್ದರೆ ನಡುನಡುವಿನ ಒಳ್ಳೆಯ ಗಳಿಗೆಗಳು ಹಿಂದಿನ ದೋಷಗಳನ್ನು ಅಳಿಸಿಹಾಕುತ್ತವೆ. ಹೀಗೆ ಲಾರಿಗೆ ಬೇಕಾದುದು ದೊಡ್ಡ ಎಣಿಕೆ, ಬಂಡೆಗೆ ಬೇಕಾದುದು ಚಿಕ್ಕ ಎಣಿಕೆ ಮತ್ತು ಸಮೃದ್ಧವಾದ ಪಟ್ಟಿ, ನೀರಿಗೆ ಬೇಕಾದುದು ಚಿಕ್ಕ ಗಡಿಯಾರ. ಒಂದೇ ರಸ್ತೆಯ ಮೂರು ಎಡೆಗಳಲ್ಲಿ ಮೂರು ವಿವೇಕಗಳು.

ವಿಧಾನವು 2018ಕ್ಕೆ ನಿಲ್ಲಲಿಲ್ಲ. 2020ರ 16ನೆಯ ಆವೃತ್ತಿಯಲ್ಲಿ, ಮೊಬೈಲು ಏಕಕಾಲಕ್ಕೆ ಎರಡು ಆವರ್ತಾಂಕಗಳನ್ನು ಬಳಸುತ್ತಿದ್ದಾಗ, ಎರಡನೆಯದರಲ್ಲಿ ಭಂಗವಾದರೆ ಆ ಸುದ್ದಿಯನ್ನು ಗಟ್ಟಿಯಾಗಿರುವ ಮೊದಲನೆಯದರ ಮೂಲಕ ತಿಳಿಸುವ ಕ್ರಮ ಬಂದಿತು. 2022ರ 17ನೆಯ ಆವೃತ್ತಿಯಲ್ಲಿ, ಎರಡು ಬೇರೆ ತಾಣಗಳಿಂದ ಪುಂಜಗಳನ್ನು ಪಡೆಯುವ ಮೊಬೈಲು, ಒಂದು ತಾಣದ ಭಂಗವನ್ನು ಬೇರೆಯಾಗಿ ಗುರುತಿಸಿ ಸರಿಪಡಿಸಿಕೊಳ್ಳಲು ಅವಕಾಶವಾಯಿತು. ಎರಡರ ತಾತ್ಪರ್ಯವೂ ಒಂದೇ: ಇಡಿಯ ಸಂಬಂಧವು ಮುರಿಯುವ ಮೊದಲೇ, ಮುರಿದ ಭಾಗವನ್ನು ಉಳಿದ ಭಾಗದ ನೆರವಿನಿಂದ ಕೂಡಿಸಿಕೊಳ್ಳುವುದು. ನಮ್ಮ ದೇಶದಲ್ಲಿಯೂ ಈ ವಿದ್ಯೆಯ ಸಾಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹಲವು ಐಐಟಿಗಳೂ ಕೂಡಿ ಕಟ್ಟಿದ ಐದನೆಯ ತಲೆಮಾರಿನ ಸ್ವದೇಶೀ ಪರೀಕ್ಷಾಜಾಲವು 2022ರ ಮೇ 17ರಂದು ಉದ್ಘಾಟಿತವಾಗಿ, ಹೊಸ ಉಪಕರಣಗಳನ್ನು ರೂಪಿಸುವವರಿಗೆ ತೆರೆದಿದೆ.

ನಿಯಮಪುಸ್ತಕವು ಮಿತಿಗಳ ಪಟ್ಟಿಯನ್ನು ಕೊಡುತ್ತದೆಯೇ ಹೊರತು ಎಲ್ಲಿ ಯಾವುದನ್ನು ಆರಿಸಬೇಕೆಂದು ಹೇಳುವುದಿಲ್ಲ. ಆ ಆಯ್ಕೆಯು ಜಾಲವನ್ನು ನಡೆಸುವವರದು. ಎತ್ತರದ ಕಟ್ಟಡಗಳ ನಡುವೆ ನಿಧಾನವಾಗಿ ನಡೆಯುವ ಬೆಂಗಳೂರಿನ ಬಳಕೆದಾರನಿಗಾಗಿ ಅಳೆದ ಸಂಖ್ಯೆಗಳನ್ನೇ ಕಲ್ಲು, ನೀರು, ಲಾರಿಗಳ ಈ ಸೀಮೆಗೆ ತಂದು ಹೇರಿದರೆ, ಟವರುಗಳು ಎಷ್ಟಿದ್ದರೂ ಮಾತು ತುಂಡಾಗುತ್ತಲೇ ಇರುವುದು. ಆದುದರಿಂದ, ಈ ವಿದ್ಯೆಯನ್ನು ಕಲಿಯುತ್ತಿರುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಜಾಲದ ಹೊಣೆ ಹೊತ್ತವರೂ ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಅಳತೆಯ ಯಂತ್ರವನ್ನು ಹಿಡಿದು ಎರಡು ಸಲ ಪ್ರಯಾಣ ಮಾಡಲಿ: ಗದ್ದೆಗಳಲ್ಲಿ ನೀರು ನಿಂತಾಗ ಒಮ್ಮೆ, ಕಟಾವಾಗಿ ನೆಲವು ಒಣಗಿ ಲಾರಿಗಳು ಸಾಲುಗಟ್ಟಿದಾಗ ಇನ್ನೊಮ್ಮೆ. ಎಣಿಕೆ ಎಷ್ಟಿರಬೇಕು, ಗಡಿಯಾರ ಎಷ್ಟು ಉದ್ದವಿರಬೇಕು, ಬದಲಿ ಪಟ್ಟಿಯಲ್ಲಿ ಯಾವ ಪುಂಜಗಳಿರಬೇಕು ಎಂಬುದಕ್ಕೆ ಆ ಎರಡು ಪ್ರಯಾಣಗಳ ಅಳತೆಯೇ ಸರಿಯಾದ ಆಧಾರ.